ಝೋಲಿಂಗೆನ್‌ನಲ್ಲೊಂದು ಮೊಂಡು ಚಾಕು

ಭಾನುವಾರ ಬೆಳಿಗ್ಗೆ ರೊಸ್ವಿತಾ ಟೊಮೇಟೊ ಮೇಲೆ ಚಾಕು ಇಟ್ಟು ಒತ್ತಿದಳು. ಟೊಮೇಟೊ ಹೋಳಾಗಲಿಲ್ಲ, ಸಿಡಿಯಿತು. ಎದುರಿಗೆ ಪದಬಂಧ ಬಿಡಿಸುತ್ತಿದ್ದ ಗಂಡ ಎಕಾರ್ಟನ ಕನ್ನಡಕ ಕೆಂಪಾಯಿತು.

"ಮಧ್ಯಾಹ್ನ ಮಗಳು ಮದುವೆಯಾಗೋ ಹುಡುಗನ್ನ ಕರ್ಕೊಂಡು ಬರ್ತಾಳೆ. ಅವನೋ ದೊಡ್ಡ ಹೋಟೆಲಿನ ಅಡುಗೆಯವನು. ಜಗತ್ತಿಗೆಲ್ಲ ಚಾಕು ಮಾಡಿ ಮಾರೋ ಊರಲ್ಲಿ ಕೂತು, ಅವನ ಮುಂದೆ ಹಂದಿ ಮಾಂಸನ ಕೈಯಲ್ಲಿ ಕಿತ್ತು ಬಡಿಸ್ಲಾ?"

ಎಕಾರ್ಟ್ ಟ್ರಾಲಿಬಸ್ ಚಾಲಕ. ಚಾಕುಗಳಿಗೆ ಹೆಸರಾದ ಜರ್ಮನಿಯ ಈ ಝೋಲಿಂಗೆನ್‌ನಲ್ಲೇ ಹುಟ್ಟಿಯೂ ತನಗೆ ಚಾಕು ಮಸೆಯಲು ಬಾರದೆಂಬುದನ್ನು ಇಷ್ಟು ವರ್ಷ ಬಚ್ಚಿಟ್ಟಿದ್ದ. ಸಾಣೆಕಲ್ಲನ್ನು ನೀರಲ್ಲಿ ನೆನೆಸಿ, ಬಾಲ್ಕನಿಯಲ್ಲಿ ಕೂತು ಉಜ್ಜತೊಡಗಿದ.

ಸದ್ದಿಗೆ ಮೇಲ್ಮನೆಯ ಹೆಡ್ವಿಗ್ ಅಜ್ಜಿ ತಮ್ಮ ಚಾಕು ಹಿಡಿದೇ ಇಳಿದು ಬಂದರು. "ಬೆಕ್ಕಿನ ಬಾಲ ತುಳಿದ ಹಾಗೆ ಏನೋ ಅದು? ಕಲ್ಲು ಬಿಡು. ಪಿಂಗಾಣಿ ಕಾಫಿ ಬಟ್ಟಲು ಬೋರಲು ಹಾಕಿ, ತಳದ ಒರಟು ಅಂಚಿಗೆ ಉಜ್ಜು. ಹಿಂಗೆ, ಮಲಗಿಸಿ."

"ಮಲಗಿಸೋಕೆ ಅದೇನು ಕೂಸಾ?" ಕೆಳಮನೆಯ ಲೋಥರ್ ಚಾಕು ಮಸೆಯುವ ಉಕ್ಕಿನ ಸಲಾಕೆಯನ್ನು ಖಡ್ಗದಂತೆ ಎತ್ತಿಕೊಂಡೇ ನುಗ್ಗಿದ. "ನಿಲ್ಲಿಸಿ ಎಳೀಬೇಕು ಅಜ್ಜಿ. ಇಲ್ಕೊಡಿ!"

"ನಮ್ಮಪ್ಪ ಸಾಣೆ ಹಿಡಿಯೋನು ಕಣೋ!"

"ನಮ್ಮಜ್ಜಾನೂ ಅಷ್ಟೇ!"

ಚಾಕುಗಳೆರಡೂ ಅವರ ಕೈಯಿಂದ ಇವರ ಕೈಗೆ ಹಾರಾಡಿದವು. ಕಡೆಗೆ ರೊಸ್ವಿತಾಳ ಒಳ್ಳೆಯ ಬಟ್ಟಲು ಒಡೆಯಿತು. ಇಬ್ಬರೂ ತಂತಮ್ಮ ಸಾಮಾನು ಎತ್ತಿಕೊಂಡು, ಮೆಟ್ಟಿಲಲ್ಲೂ ಜಗಳವಾಡುತ್ತ ಹೋದರು.

ಎಕಾರ್ಟ್ ಒಬ್ಬನೇ ಉಳಿದ. ಮಲಗಿಸಲೋ, ನಿಲ್ಲಿಸಲೋ? ಪದಬಂಧದ ಪೆನ್ನು ಕಣ್ಣಿಗೆ ಬಿತ್ತು. ಚಾಕುವಿನ ಅಂಚಿಗೆ ಮಸಿ ಬಳಿದು, ಕಲ್ಲಿನ ಮೇಲೆ ಒಮ್ಮೆ ಎಳೆದ. ಮೇಲ್ಗಡೆಯ ಮಸಿ ಮಾತ್ರ ಅಳಿಸಿತ್ತು, ತುದಿಯದು ಹಾಗೇ ಇತ್ತು. ಚಾಕುವಿನ ಬೆನ್ನನ್ನು ಕೊಂಚ ಎತ್ತಿ ಎಳೆದ. ಅಂಚಿನ ತುದಿಯವರೆಗೂ ಮಸಿ ಹೋಯಿತು! ಅದೇ ಓರೆಯಲ್ಲಿ, ಅವಸರ ಮಾಡದೆ, ಎರಡೂ ಮಗ್ಗುಲು ಮಸೆದ.

ಅದರಲ್ಲಿ ಕೊಯ್ದ ಟೊಮೇಟೊ ಬಿಲ್ಲೆ ಎಷ್ಟು ತೆಳುವೆಂದರೆ, ಅದರ ಮೂಲಕ ಪದಬಂಧ ಓದಬಹುದಿತ್ತು. ರೊಸ್ವಿತಾ ಒಡೆದ ಬಟ್ಟಲನ್ನು ಮರೆತು ಅವನ ಕೆನ್ನೆಗೆ ಮುತ್ತಿಟ್ಟಳು. ಎಕಾರ್ಟನ ಎದೆ ಟ್ರಾಲಿಬಸ್ಸಿನಷ್ಟು ಅಗಲವಾಯಿತು.

ಬಾಗಿಲಲ್ಲಿ ಮತ್ತೆ ಹೆಡ್ವಿಗ್ ಅಜ್ಜಿ. "ಅದಲು ಬದಲಾಗಿದೆ ಕಣೋ. ಇದು ಬೆಣ್ಣೆಗೂ ಹತ್ತಲ್ಲ, ನಿಂದೇ ಇರ್ಬೇಕು. ಹಿಡಿ ಮೇಲೆ ನಮ್ಮ ಯಜಮಾನರ ಹೆಸರು ಇರೋದು ನಂದು." ಎಕಾರ್ಟನ ಕೈಯಲ್ಲಿದ್ದುದನ್ನು ತೆಗೆದುಕೊಂಡು ಬೆರಳಾಡಿಸಿದರು. "ಅಯ್ಯೋ, ಮಸೆದೂ ಇಟ್ಟಿದೀಯಾ! ದೇವರಂಥವನು ನೀನು."

ಅಜ್ಜಿ ಮೆಟ್ಟಿಲು ಹತ್ತಿದರು. ಅದೇ ಹೊತ್ತಿಗೆ ಮಗಳೂ ಅಳಿಯನಾಗುವವನೂ ಮೆಟ್ಟಿಲು ಹತ್ತಿ ಬಂದರು. ಎಕಾರ್ಟ್ ಮೊಂಡು ಚಾಕುವನ್ನು ಬೆನ್ನ ಹಿಂದೆ ಅಡಗಿಸುವಷ್ಟರಲ್ಲಿ ಹುಡುಗ ಯಾನಿಕ್ ಒದ್ದೆ ಕಲ್ಲನ್ನು ನೋಡಿಬಿಟ್ಟ.

"ಮಾವ, ನಿಮಗೆ ಮಸೆಯೋಕೆ ಬರುತ್ತಾ?" ಅವನು ದನಿ ತಗ್ಗಿಸಿದ. "ನನಗೆ ಬರಲ್ಲ. ಹೋಟೆಲಲ್ಲಿ ಯಾರಿಗೂ ಹೇಳಿಲ್ಲ. ಸ್ವಲ್ಪ ತೋರಿಸ್ಕೊಡ್ತೀರಾ?"

ಎಕಾರ್ಟ್ ಅವನಿಗೊಂದು ಕುರ್ಚಿ ಎಳೆದು, ಪೆನ್ನಿನ ಮುಚ್ಚಳ ತೆಗೆದ.

"ಊಟ ಸ್ವಲ್ಪ ತಡ ಆಗುತ್ತೆ ಕಣೇ," ಎಂದು ಒಳಗೆ ಕೂಗಿದ.