ಹೊಟ್ಟ್ಯಾಗಿನ ಆಳುಗೋಳು, ಕಟ್ಟಿ ಮ್ಯಾಲಿನ ಎರಡು ಗಡಿಗಿ

ಬರ್ರೆವಾ, ಚಾಪಿ ಮ್ಯಾಲ ಆರಾಮ ಕೂಡ್ರಿ, ಫೋನ್ ಬಾಜೂಕ ಇಡ್ರಿ. ನಮ್ಮ ರಬಕವಿ ಓಣ್ಯಾಗ ಮಗ್ಗದ ಸಪ್ಪಳ ನಿಂತೀತು, ನಗಿಚಾಟಿಕಿ ನಿಲ್ಲಂಗಿಲ್ಲ. ಇದು ನಮ್ಮ ಯಜಮಾನರ ಹೊಟ್ಟಿ ಕೆಟ್ಟಾಗಿನ ಮಾತು.

ಆಳುಗೋಳು

ಯಜಮಾನರ ಕಾಲಿನ ಗಾಯ ಕೀವು ತುಂಬಿತ್ತು. ಡಾಕ್ಟರ್ ಕೊಟ್ಟ ಗುಳಿಗಿಗೆ ಗಾಯ ಮಾಯ್ತು, ಹೊಟ್ಟಿ ಕೆಡ್ತು. ಕುಣಿಮಗ್ಗದ ತಗ್ಗಿನ್ಯಾಗ ಕಾಲ ಇಳಿಬಿಟ್ಟು ಕುಂತರೋ ಇಲ್ಲೋ, ಎದ್ದು ಹಿತ್ತಲಕಡೆ ಓಡೂದು. ಮೊಮ್ಮಗಳ ಮದುವಿ ಬಂದ ಬಿಟ್ಟಿತ್ತು. "ನಾ ನೇಯ್ದ ಸೀರಿ ಉಟ್ಟಽ ನೀ ತಲಿ ಮ್ಯಾಲ ಅಕ್ಕಿಕಾಳು ಬೀಳೂ ಹೊತ್ತಿಗೆ ನಿಂದರಬೇಕು" ಅಂತ ಅಕಿಗೆ ಮಾತು ಕೊಟ್ಟಿದ್ರು. ನೂಲಿಗೆ ಇನ್ನೂ ಗಂಜಿ ಸೈತ ಹಚ್ಚಿರಲಿಲ್ಲ.

ಡಾಕ್ಟರ್ ಹೇಳಿದ್ರು, "ಅಜ್ಜಾರ, ಗುಳಿಗಿ ಕೆಟ್ಟ ಸೂಕ್ಷ್ಮಜೀವಿ ಜೋಡಿ ಕರುಳಿನ್ಯಾಗಿನ ಒಳ್ಳೇವನ್ನೂ ಹೊಡದೈತಿ. ಅವು ನಿಮ್ಮ ಆಳಿದ್ದಂಗ. ನಮಗ ಅರಗದ ನಾರು ತಿಂದು ಕರುಳಿಗೆ ಶಕ್ತಿ ಕೊಡ್ತಾವ. ಈ ಔಷಧ ತಗೋರಿ, ಅಂಬಲಿ ಕುಡೀರಿ. ಆಮ್ಯಾಲ ಸಾವಕಾಶ ರೊಟ್ಟಿ, ಕಾಳು, ಪಲ್ಯ."

ಯಜಮಾನರು ಬಾಜೂಕ ಕುಂತ ನನ್ನ ಕಡೆ ಕೈ ಮಾಡಿ, "ಅವೂ ಇಕಿ ಮಾಡಿದ್ದಽ ತಿನಬೇಕೇನ್ರಿ?" ಅಂದ್ರು.

"ಹೂಂ ಮತ್ತ."

"ಪಾಪ, ಅವೂ ನನ್ನಂಗ ಇಕಿ ಕೈಯಾಗ ಸಿಕ್ಕಾವ ಅನ್ರಿ!"

ಬಾಯಿಗೆ ವಸ್ತ್ರ

ಹೊಂಟಾಗ ಡಾಕ್ಟರ್ ಇನ್ನೊಂದು ಅಂದಿದ್ರು: "ಆ ಹೊಟ್ಟ್ಯಾಗಿನ ಆಳಿನ್ಯಾಗ ಭಾಳಷ್ಟು ಗಾಳಿ ಇಲ್ಲದ ಕಡೆನಽ ಬದಕೂವು. ಗಾಳಿ ತಾಕಿದ್ರ ಸಾಯ್ತಾವ."

ಆತಲ್ಲ! ಯಜಮಾನರು ಮನಿಗೆ ಬಂದವರಽ ಬಾಯಿಗೆ ವಸ್ತ್ರ ಕಟಗೊಂಡ್ರು. ಮಾತಿಲ್ಲ, ಕತಿ ಇಲ್ಲ. ಚಾ ಬೇಕಾದ್ರ ಬಟ್ಟಲಾ ಬಡಿಯೂದು. ಬಾಜೂ ಮನ್ಯಾಕಿ ಬಂದು ಕೇಳಿದ್ಲು, "ಕಾಕಾರಿಗೆ ಏನಾತ ಕಾಕೂ?"

"ಹೊಟ್ಟ್ಯಾಗಿನ ಆಳಿಗೆ ಗಾಳಿ ತಾಕಬಾರದಂತವಾ."

"ಆ ಡಾಕ್ಟರ್ ಎಲ್ಲಿರ್ತಾರ ಹೇಳ ಕಾಕೂ, ನಮ್ಮ ಮನಿಯವ್ರನ್ನೂ ತೋರಸ್ತೇನಿ!"

ಮರುದಿನ ಡಾಕ್ಟರ್ ನಕ್ಕು, "ಬಾಯಿ ಗಾಳಿ ಅಲ್ಲೀಮಟ ಮುಟ್ಟಂಗಿಲ್ಲ, ಮಾತಾಡ್ರಿ" ಅಂದ್ರು. ಅವರ ವಸ್ತ್ರ ಬಿಚ್ಚಿತು, ನನ್ನ ಸುಖ ಮುಗೀತು.

ಎರಡು ಗಡಿಗಿ

ಔಷಧಕ್ಕ ಯಜಮಾನರ ಹೊಟ್ಟಿ ಒಂದೀಟು ಹಿಡತಕ್ಕ ಬಂದಿತ್ತು. ಮುಂಜಾನೆ ಕಟ್ಟಿ ಮ್ಯಾಲ ಎರಡು ಗಡಿಗಿ ಇಟ್ಟಿದ್ದೆ, ಎರಡೂ ಜ್ವಾಳದ ಹಿಟ್ಟಿನವು. ಒಂದು ಮಜ್ಜಿಗಿ, ಉಪ್ಪು, ಜೀರಗಿ ಹಾಕಿದ ಅಂಬಲಿ. ಇನ್ನೊಂದು ನೂಲು ಬಿಗಿ ಬರಾಕ ಹಚ್ಚೂ ಗಂಜಿ. ಮೊಮ್ಮಗಳು ಮದುಮಗನ ಜೋಡಿ ಫೋನಿನ್ಯಾಗ ನಕ್ಕೋತ, ನೂಲಿಗೆ ಹಚ್ಚಾಕಂತ ಒಂದ ಗಡಿಗಿ ಎತಗೊಂಡು ಓಣಿಗೆ ಹೋದ್ಲು. ಉಳದದ್ದನ್ನ ಯಜಮಾನರು ಬಟ್ಟಲ ತುಂಬ ಕುಡದು, "ಇವತ್ತ ಉಪ್ಪಿಲ್ಲ, ಹುಳಿಯಿಲ್ಲ. ಇದೂ ಡಾಕ್ಟರ್ ಹೇಳಿದ್ದಽ ಏನ?" ಅಂದ್ರು.

ಅಷ್ಟರಾಗ ಹೊರಗಿಂದ ಮೊಮ್ಮಗಳ ಕೂಗು: "ಆಯೀ! ಗಂಜ್ಯಾಗ ಜೀರಗಿ ಯಾಕ ಹಾಕೀದಿ? ನೂಲಿಗೆಲ್ಲ ಅಂಟಾಕತ್ತಾವ!"

ಓಡಿ ಹೋಗಿ ನೋಡಿದ್ರ, ಓಣಿ ಉದ್ದಕ್ಕ ಕಟ್ಟಿದ ಕೆಂಪು ನೂಲನ್ನ ಆಡೊಂದು ಕಣ್ಮುಚ್ಚಿ ನೆಕ್ಕಾಕತ್ತಿತ್ತು. ಹುಡುಗಿ, "ನನ್ನ ಸೀರಿ ಹೋತು" ಅಂತ ಅಳಾಕತ್ತಿದ್ಲು. ಯಜಮಾನರು ಬಾಗಲದಾಗ ಬಂದು ನಿಂತು, "ಹಂಗಾರ ನಾ ಕುಡದದ್ದು?" ಅಂದ್ರು.

"ನೂಲಿನ ಗಂಜಿರಿ."

ಹೊಟ್ಟಿ ಸವರಿಕೊಂಡು ಮೊಮ್ಮಗಳಿಗೆ ಹೇಳಿದ್ರು, "ಅಳಬ್ಯಾಡ ಬೇ. ನೂಲಿಗೆ ಬರೂ ಬಿಗಿ ನನ್ನ ಹೊಟ್ಟಿಗಿ ಬಂದೈತಿ. ಇನ್ನ ಮ್ಯಾಲ ಮಗ್ಗದ ಕುಣ್ಯಾಗಿಂದ ಏಳಂಗಿಲ್ಲ!"

ಮುಂದೇನಾತಂದ್ರ, ನೂಲು ತೊಳದು ಹೊಸಾ ಗಂಜಿ ಹಚ್ಚಿದ್ವಿ. ಯಜಮಾನರು ಸೀರಿ ಮುಗಿಸಿದ್ರು. ಈಗೂ ರೊಟ್ಟಿ ಮುರದು, "ಇದು ನನಗ, ಇದು ಆಳಿಗೆ" ಅಂದಽ ಬಾಯಿಗೆ ಹಾಕ್ತಾರ. ಡಾಕ್ಟರ್ ಈಗ ಯಾರಿಗೂ ಗಾಳಿ ಸುದ್ದಿ ಹೇಳಂಗಿಲ್ಲ. ಬಾಜೂ ಮನ್ಯಾಕಿ ಗಂಡ ಇನ್ನೂ ಮಾತಾಡಾಕತ್ತಾನ. ಮೊಮ್ಮಗಳು ಅದಽ ಸೀರಿ ಉಟ್ಟು ಮುಧೋಳಕ್ಕ ಸೊಸಿಯಾಗಿ ಹೋದ್ಲು, ಸುಖವಾಗಿದ್ದಾಳ.

ಅಕಿ ಅತ್ತಿ ಮಾತ್ರ ಮೊನ್ನೆ ಫೋನ್ ಮಾಡಿದ್ರು: "ಬೀಗತೇರ, ಎಲ್ಲಾ ಛಲೋ ಐತಿ. ಆದ್ರ ಹುಡುಗಿ ಆ ಕೆಂಪು ಸೀರಿ ಉಟ್ಟಾಗೊಮ್ಮೆ ನಮ್ಮ ಆಡು ಸೆರಗ ನೆಕ್ಕೂದು ಬಿಡವಲ್ಲದಲ್ರಿ, ಯಾಕ?"