ಹರ್ಷಾನ ಕೈರುಚಿ

ಹರ್ಷಾ ಸುಳ್ಳು ಹೇಳಿರಲಿಲ್ಲ. ಒಂದು ನಗುವ ಮುಖ ಕಳಿಸಿದ್ದ, ಅಷ್ಟೆ. ಕೆಫೆಯೊಂದರಲ್ಲಿ ತಿಂದ ಪೇರ್ ಹಣ್ಣಿನ, ಅಂದರೆ ಮರಸೇಬಿನ, ಸಿಹಿಯ ಫೋಟೋವನ್ನು ಅವನು ಇಂಪನಾಳಿಗೆ ವಾಟ್ಸಾಪ್ ಮಾಡಿದ್ದ. ಅರ್ಧಕ್ಕೆ ಸೀಳಿ ಓವನ್ನಿನಲ್ಲಿ ಬೇಯಿಸಿದ ಹಣ್ಣು, ಮೇಲೆ ಜೇನಿನ ಬಣ್ಣದ ಕ್ಯಾರಮೆಲ್ ಸಾಸ್. "ನೀನೇ ಮಾಡಿದ್ದಾ?" ಎಂದು ಅವಳು ಕೇಳಿದಳು. ಹೌದು ಅಂದರೆ ಸುಳ್ಳಾಗುತ್ತದೆ, ಅಲ್ಲ ಅಂದರೆ ಅವಳ ಖುಷಿ ಇಳಿಯುತ್ತದೆ. ಹರ್ಷಾ ನಗುವ ಮುಖ ಕಳಿಸಿ ಕೈತೊಳೆದುಕೊಂಡ.

ಆ ನಗುವ ಮುಖ ಇಂಪನಾಳಿಂದ ಅವಳ ಅಮ್ಮನಿಗೆ, ಅಮ್ಮನಿಂದ ಅಪ್ಪನಿಗೆ ದಾಟುವಷ್ಟರಲ್ಲಿ ಹರ್ಷಾ ದೊಡ್ಡ ಪಾಕಪ್ರವೀಣನಾಗಿಬಿಟ್ಟಿದ್ದ. ಅಪ್ಪ ತನಿಯಪ್ಪನವರು ಉಡುಪಿಯ ಕಡೆಯವರು, ಪುಣೆಯಲ್ಲಿ ಮೂವತ್ತು ವರ್ಷಗಳಿಂದ ಹೋಟೆಲ್ ನಡೆಸುತ್ತಿದ್ದರು. ಮಗಳು ಮೂರು ತಿಂಗಳಿಂದ ಹರ್ಷಾನೊಂದಿಗೆ ಮದುವೆಯ ಮಾತೆತ್ತುತ್ತಿದ್ದರೂ ಅವರು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಫೋಟೋ ನೋಡಿದ ಮಾರನೆಯ ದಿನ ಬಾಯಿ ಬಿಟ್ಟರು. ಭಾನುವಾರ ನಾಲ್ಕು ಗಂಟೆಗೆ ಹುಡುಗನ ಮನೆಗೆ ಬರುತ್ತೇನೆ, ಅದನ್ನು ಅವನೇ ಮಾಡಿ ಕೊಡಲಿ, ತಿಂದು ತೀರ್ಮಾನ ಹೇಳುತ್ತೇನೆ ಎಂದರು.

ಹೋಟೆಲಿನವರಿಗೆ ಅಡುಗೆ ಬಲ್ಲ ಅಳಿಯ ಸಿಕ್ಕರೆ ಇನ್ನೇನು ಬೇಕು ಎಂದು ಇಂಪನಾ ಕುಣಿದಾಡಿದಳು. ಹರ್ಷಾನಿಗೂ ಹಾಗೇ ಅನ್ನಿಸಿತು. ತೊಂದರೆ ಏನೆಂದರೆ ಅವನಿಗೆ ಬರುತ್ತಿದ್ದುದು ನೂಡಲ್ಸ್ ಒಂದೇ, ಅದೂ ಪ್ರತಿ ಸಲ ಬರುತ್ತಿರಲಿಲ್ಲ. ಆದರೆ ಅವಳನ್ನು ಬಿಟ್ಟು ಬದುಕುವ ಧೈರ್ಯ ಅವನಿಗೆ ಅದಕ್ಕಿಂತ ಕಡಿಮೆ ಇತ್ತು. ಈಗ ನಿಜ ಹೇಳಿದರೆ ಸುಳ್ಳುಗಾರ ಎಂದು ಮೊದಲ ದಿನವೇ ಹೆಸರು ಬೀಳುತ್ತದೆ. ಮಾಡಿಯೇ ತೀರಬೇಕು ಎಂದು ಹಟ ತೊಟ್ಟ.

ಭಾನುವಾರ ಬೆಳಿಗ್ಗೆ ಪುಣೆಯ ಕೋಥರೂಡದ ತನ್ನ ಫ್ಲಾಟಿನಲ್ಲಿ ಎಂಟು ಪೇರ್ ಹಣ್ಣು ತೊಳೆದಿಟ್ಟು, ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿ ವಿಡಿಯೋ ಹಚ್ಚಿದ. ಸಕ್ಕರೆ ಕರಗಿ ಹೊಂಬಣ್ಣಕ್ಕೆ ಬರುವವರೆಗೆ ಕಾಯಿರಿ ಎಂದು ವಿಡಿಯೋದ ಹೆಂಗಸು ಹೇಳಿದಳು. ಹರ್ಷಾ ಕಾದ. ಹೊಂಬಣ್ಣ ಬಂತೇ ಎಂದು ಬಗ್ಗಿ ನೋಡುವಷ್ಟರಲ್ಲಿ ಅದು ಬಂದು ಹೋಗಿಯೂ ಆಗಿತ್ತು. ಬಾಣಲೆಯಲ್ಲಿ ಡಾಂಬರು ಕುದಿಯುತ್ತಿತ್ತು. ಎರಡನೆಯ ಸಲ ಬೇಗ ಎಚ್ಚೆತ್ತು ಫ್ರಿಜ್ಜಿನಿಂದ ತೆಗೆದ ಕ್ರೀಮನ್ನು ಹಾಗೇ ಸುರಿದ. ಪಾಕ ಬುಸ್ಸೆಂದು ಉಕ್ಕಿ ಒಲೆಯ ಮೇಲೆ ಹರಿದು, ಅಲ್ಲೇ ಕಲ್ಲಾಗಿ, ಚಮಚವನ್ನೂ ಹಿಡಿದುಕೊಂಡಿತು. ಹೊಗೆ ಮಾತ್ರ ನಿಲ್ಲದೆ ಮೆಟ್ಟಿಲು ಹತ್ತಿಹೋಯಿತು.

ಬಾಗಿಲು ಬಡಿದವರು ಎದುರು ಮನೆಯ ಅನ್ನಪೂರ್ಣಮ್ಮ. ಧಾರವಾಡದವರು, ಕರೆಯುವ ಮೊದಲೇ ಒಳಗೆ ಬರುವುದು ಅವರ ಪದ್ಧತಿ. ಅವರ ಹಿಂದೆಯೇ ಮೇಲಿನ ಮಹಡಿಯ ಹೊಳಬಸಪ್ಪ, ಖಡಕಿಯ ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತರಾಗಿ ಆ ಫ್ಲಾಟುಗಳ ಸೊಸೈಟಿಯ ಸೆಕ್ರೆಟರಿಯಾದವರು. ಹೊಗೆಯ ಬಗ್ಗೆ ನೋಟಿಸ್ ಕೊಡಲೆಂದೇ ಇಳಿದು ಬಂದಿದ್ದರು.

ಹರ್ಷಾ ಎಲ್ಲವನ್ನೂ ಒಪ್ಪಿಕೊಂಡ. ಮದುವೆಯ ಸಂಗತಿ ಎಂದು ಗೊತ್ತಾದದ್ದೇ ತಡ, ಹೊಳಬಸಪ್ಪ ನೋಟಿಸನ್ನು ಮಡಚಿ ಜೇಬಿಗಿಟ್ಟರು, ಅನ್ನಪೂರ್ಣಮ್ಮ ಸೆರಗು ಸಿಕ್ಕಿಸಿದರು.

"ಕ್ಯಾರಮೆಲ್ಲು ಅಂದ್ರ ಏನೋ ಅಂತ ಮಾಡಿದ್ದೆ. ಸಕ್ರಿ ಪಾಕ ಅಲ್ಲೇನೋ ತಮ್ಮಾ ಇದು? ಸರೀ ಅತ್ಲಾಗ" ಎಂದರು.

ಅಲ್ಲಿಂದ ಮುಂದೆ ಆ ಅಡುಗೆಮನೆಯಲ್ಲಿ ಹರ್ಷಾನಿಗೆ ಕೆಲಸವೇ ಉಳಿಯಲಿಲ್ಲ. ಅನ್ನಪೂರ್ಣಮ್ಮ ಹಣ್ಣು ಸೀಳಿ, ಬೀಜದ ಜಾಗ ಕೆತ್ತಿ, ಬೆಣ್ಣೆ ಸವರಿದರು. ಹರ್ಷಾ ಓವನ್ನಿನೊಳಗೆ ಎರಡು ವರ್ಷದಿಂದ ಇಟ್ಟಿದ್ದ ಸಾಕ್ಸುಗಳನ್ನು ತೆಗೆದು ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟೇ ಹೋಯಿತು. ಹೊಳಬಸಪ್ಪ ಫ್ಯೂಸ್ ಸರಿಪಡಿಸಿ, ಓವನ್ನಿನ ಎದುರು ಸ್ಟೂಲು ಎಳೆದುಕೊಂಡು, ಕೈಗಡಿಯಾರ ನೋಡುತ್ತ ಕಾವಲು ಕೂತರು. ನಡುವೆ ಜಾಯಿಕಾಯಿ ತುರಿ ಉದುರಿಸಬೇಕೆಂದು ಅನ್ನಪೂರ್ಣಮ್ಮ ಬಂದರೆ ಹೊಳಬಸಪ್ಪ ಬಾಗಿಲು ತೆಗೆಯಲು ಬಿಡಲಿಲ್ಲ. ಶಾಖ ಹೊರಗೆ ಹೋಗುತ್ತದೆ ಎಂದು ಇವರು, ಮೂವತ್ತು ವರ್ಷ ಪಾಕ ಹಿಡಿದು ಲಾಡಿನ ಉಂಡಿ ಕಟ್ಟಿದವಳಿಗೆ ಶಾಖ ಕಲಿಸಬೇಡಿ ಎಂದು ಅವರು. ಕೊನೆಗೆ ಜಾಯಿಕಾಯಿ ಪಾಕಕ್ಕೆ ಬಿತ್ತು. ಹರ್ಷಾ ಒಮ್ಮೆ ಸೌಟು ಮುಟ್ಟಲು ಹೋಗಿ ಕೈಗೆ ಏಟು ತಿಂದ.

ಮೂರೂವರೆಗೆ ತಟ್ಟೆಯಲ್ಲಿ ಹಣ್ಣುಗಳು ಕುಳಿತವು. ಫೋಟೋದಲ್ಲಿದ್ದುದಕ್ಕಿಂತ ಚೆಂದ ಇದ್ದವು. ಹರ್ಷಾನಿಗೆ ಇಬ್ಬರ ಕಾಲಿಗೂ ಬೀಳುವಷ್ಟು ಪ್ರೀತಿ ಉಕ್ಕಿತು. ಎಲ್ಲ ನಾನೇ ಮಾಡಿದ್ದು ಅಂತ ನೀವು ಹೇಳಬೇಕು, ಏನೇ ಆದರೂ ಬಿಟ್ಟುಕೊಡಬಾರದು ಎಂದು ಬೇಡಿಕೊಂಡ. ಹುಡುಗನ ಬಾಳಿನ ಪ್ರಶ್ನೆ, ಬಾಯಿ ಬಿಡುವುದಿಲ್ಲ ಎಂದು ಇಬ್ಬರೂ ಮಾತು ಕೊಟ್ಟರು.

ನಾಲ್ಕಕ್ಕೆ ಸರಿಯಾಗಿ ತನಿಯಪ್ಪನವರು ಇಂಪನಾಳ ಜೊತೆ ಬಂದರು. ನೆರೆಯವರಿಬ್ಬರೂ ಸೋಫಾದಲ್ಲೇ ಇದ್ದರು. ಹೋಗಿ ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ಅವರು ಹೋಗುತ್ತಿರಲಿಲ್ಲ.

ತನಿಯಪ್ಪನವರು ಚಮಚದ ತುದಿಯಿಂದ ಹಣ್ಣನ್ನು ಒತ್ತಿದರು. ಬೆಣ್ಣೆಯಂತೆ ಇಳಿಯಿತು, ಆದರೆ ಒಡೆಯಲಿಲ್ಲ. ಪಾಕವನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಪಾಕ ಇಳಿಸಿದ್ದು ಯಾರು ಎಂದು ಕೇಳಿದರು. ನಾನೇ ಎಂದ ಹರ್ಷಾ. ಜಾಯಿಕಾಯಿ ಹಾಕಲು ಯಾರು ಹೇಳಿಕೊಟ್ಟರು? ನನಗೇ ಹೊಳೆಯಿತು ಎಂದ. ಅವರು ಮೂರು ಹೋಳು ತಿಂದರು. ತಟ್ಟೆ ಕೆಳಗಿಟ್ಟಾಗ ಅವರ ಕಣ್ಣು ತೇವವಾಗಿತ್ತು. ಇಂಪನಾ ಗೆದ್ದೆವು ಎಂಬಂತೆ ಹರ್ಷಾನತ್ತ ನೋಡಿದಳು.

"ಬೇಜಾರ ಮಾಡ್ಬೇಡಿ. ಈ ಸಂಬಂಧ ಆಗುದಿಲ್ಲ" ಎಂದರು ತನಿಯಪ್ಪನವರು.

ಮಗಳತ್ತ ಕೈ ತೋರಿಸಿ ಅವರೇ ಮುಂದುವರಿಸಿದರು.

"ಇವಳು ಹುಟ್ಟಿದ ದಿನ ನಾನು ಹೋಟ್ಲಲ್ಲಿ ಸಾಂಬಾರು ಕದಡ್ತಾ ಇದ್ದೆ. ಮೂವತ್ತು ವರ್ಷದಲ್ಲಿ ಒಂದು ದೀಪಾವಳಿಗೂ ಇವಳ ಅಮ್ಮನ ಒಟ್ಟಿಗೆ ಊಟ ಮಾಡ್ಲಿಲ್ಲ ನಾನು. ಅಳಿಯ ಆಗುವವನಿಗೆ ಚಾ ಮಾಡ್ಲಿಕ್ಕೂ ಬರ್ಬಾರ್ದು ಅಂತ ಇದ್ದೆ. ನೀವು ಕಂಪ್ಯೂಟರಿನವರು ಅಂತ ಒಪ್ಪುವ ಅಂದಾಜಿತ್ತು. ಆ ಫೋಟೋ ನೋಡಿ ಹೆದರಿಕೆ ಆಯ್ತು. ಸುಮ್ನೆ ಶೋಕಿಗೆ ಏನೋ ಸೀಯಿಸ್ತಾನೆ, ನೋಡಿ ಸಮಾಧಾನ ಮಾಡ್ಕೊಳ್ಳುವ ಅಂತ ಬಂದೆ. ಇದು ಶೋಕಿ ಕೈ ಅಲ್ಲ. ಇಂಥ ಕೈ ಇದ್ದವ ಇವತ್ತಲ್ಲ ನಾಳೆ ಕಂಪನಿ ಬಿಟ್ಟು ಹೋಟ್ಲು ಹಾಕ್ತಾನೆ."

ಹರ್ಷಾ ಎದ್ದೇ ನಿಂತ. "ಅಂಕಲ್, ನಾನು ಮಾಡ್ಲಿಲ್ಲ. ನಂಗೆ ಏನೂ ಬರಲ್ಲ. ಹಣ್ಣು ತೊಳ್ದಿದ್ದಷ್ಟೇ ನಾನು. ಎಲ್ಲಾ ಇವ್ರು ಮಾಡಿದ್ದು, ಬೇಕಾದ್ರೆ ಕೇಳಿ" ಎಂದು ಸೋಫಾದತ್ತ ಕೈ ತೋರಿಸಿದ.

ತನಿಯಪ್ಪನವರು ಅತ್ತ ತಿರುಗಿದರು. ನಿಜ ಹೇಳಿಬಿಡಿ ಎಂದು ಹರ್ಷಾ ಕಣ್ಣಿನಲ್ಲೇ ಕೈ ಮುಗಿದ. ಅದನ್ನು ಕಂಡ ಅನ್ನಪೂರ್ಣಮ್ಮನಿಗೆ ಏನೇ ಆದರೂ ಬಿಟ್ಟುಕೊಡುವುದಿಲ್ಲವೆಂದು ತಾವು ಕೊಟ್ಟ ಮಾತನ್ನು ಹುಡುಗ ನೆನಪಿಸುತ್ತಿದ್ದಾನೆ ಎನ್ನಿಸಿತು.

"ಭಾಳ ಸಂಕೋಚದ ಹುಡುಗ ರೀ ಇಂವಾ. ಹೊಗಳಿದ್ರ ಹಿಂಗ ಮಾಡ್ತಾನ. ಬನಶಂಕರಿ ಆಣಿ, ನಾ ಆ ಅಡಗಿಮನಿಯೊಳಗ ಕಾಲಿಟ್ಟಿಲ್ಲ."

ಹೊಳಬಸಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದಿನಾ ಆಫೀಸಿನಿಂದ ಬಂದು ಅಡುಗೆಮನೆ ಸೇರುತ್ತಾನೆ, ವಾಸನೆ ಮೇಲಿನ ಮಹಡಿಗೆ ಬರುತ್ತದೆ ಎಂದು ಸೆಕ್ರೆಟರಿಯ ಗಾಂಭೀರ್ಯದಲ್ಲಿ ಸಾಕ್ಷಿ ಹೇಳಿದರು. ಹರ್ಷಾ ಎಷ್ಟು ಅಂಗಲಾಚಿದರೂ ಅದೆಲ್ಲ ಅವನ ವಿನಯದ ಲೆಕ್ಕಕ್ಕೇ ಸೇರಿತು.

ಲಿಫ್ಟಿನವರೆಗೂ ಅವನು ಹಿಂಬಾಲಿಸಿದ. ಇಂಪನಾ ಮುಖ ತಿರುಗಿಸಿ ಅಳುತ್ತಿದ್ದಳು. ಒಳಗೆ ಕಾಲಿಟ್ಟ ತನಿಯಪ್ಪನವರು ಅವನ ಮುಖ ನೋಡಿ ಕೊಂಚ ಕರಗಿದಂತೆ ಕಂಡರು.

"ರಾಂಜಣಗಾಂವದಲ್ಲಿ ನಂದೊಂದು ಹೊಸ ಹೋಟ್ಲು ಆಗ್ತಾ ಉಂಟು. ಸ್ವೀಟಿಗೆ ಒಳ್ಳೆ ಜನ ಸಿಗ್ಲಿಲ್ಲ. ನೀವು ಬರ್ತೀರಾ?"

ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದುಕೊಂಡ ಹರ್ಷಾ. ಇವರ ಹತ್ತಿರ ಇದ್ದರೆ ನಾಲ್ಕು ದಿನಕ್ಕಾದರೂ ಮನಸ್ಸು ತಿರುಗೀತು. "ಖಂಡಿತ ಬರ್ತೀನಿ ಅಂಕಲ್. ನಾಳೆಯಿಂದ್ಲೇ ಬೇಕಾದ್ರೂ ಕಂಪನಿ ಬಿಡ್ತೀನಿ" ಎಂದ.

ತನಿಯಪ್ಪನವರು ಮಗಳ ಕಡೆ ತಿರುಗಿ, "ನೋಡಿದಿಯಾ ಮಗಾ, ನಾನು ಹೇಳಿದ್ದು ಇದನ್ನೇ" ಎಂದು ಲಿಫ್ಟಿನ ಗುಂಡಿ ಒತ್ತಿದರು.