ನೊಣ, ಚಹಾ ಮತ್ತು ನನ್ನ ಕಾಯಂ ನೌಕರಿ

ಅಂಗಡಿಗಳ ಸ್ವಚ್ಛತೆ ನೋಡುವ ಕೆಲಸಕ್ಕೆ ಸೇರಿದವನು ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಬಸ್ ಸ್ಟ್ಯಾಂಡಿಗೇ ಬಂದು ಕಾಯುತ್ತಿರುತ್ತವೆ. ಐವತ್ತರ ದಶಕದ ಕೊನೆಗೆ ನಾನು ಸ್ಯಾನಿಟರಿ ಇನ್‌ಸ್ಪೆಕ್ಟರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿ ಜಾಗ ಖಾಲಿಯೋ ಅಲ್ಲಿಗೆ ನನ್ನನ್ನು ಅಟ್ಟುತ್ತಿದ್ದರು. ಯಾಕೆಂದರೆ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ವಿಜಾಪುರದ ದೊಡ್ಡ ಸಾಹೇಬರು ಒಂದು ದಿನ ಬಂದು, ನನ್ನ ಕೈಕೆಳಗಿನ ಅಂಗಡಿ ನೋಡಿ ಸೈ ಅನ್ನಬೇಕಿತ್ತು. ಅನ್ನದಿದ್ದರೆ ನಾನು ಮನೆಗೆ. ಮದುವೆ ಬೇರೆ ಗೊತ್ತಾಗಿತ್ತು. ಮಾವನಾಗುವವರು "ಕಾಯಂ ಆದಮ್ಯಾಲೆ ಅಕ್ಕಿಕಾಳು" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಹೀಗಾಗಿ ನೊಣ ಕಂಡಾಗಲೆಲ್ಲ ನನಗೆ ಮಾವನವರೇ ಕಂಡಂತಾಗುತ್ತಿತ್ತು.

ಪರದೆ

ಸಿಂದಗಿಯ ಮಿಠಾಯಿ ಅಂಗಡಿಯವನಿಗೆ ಜಿಲೇಬಿಯ ಮೇಲೆ ಜಾಳಿಗೆ ಮುಚ್ಚಲು ತಾಕೀತು ಮಾಡಿ ಬಂದೆ. ಮರುವಾರ ಹೋದರೆ, ಮಂಚಕ್ಕೆ ಕಟ್ಟುವ ಸೊಳ್ಳೆಪರದೆಯನ್ನು ಅಂಗಡಿಯಲ್ಲಿ ಕಟ್ಟಿಕೊಂಡು, ಜಿಲೇಬಿಯ ಪರಾತದ ಜೊತೆ ತಾನೂ ಒಳಗೆ ಕೂತಿದ್ದಾನೆ. ನೊಣಗಳೂ ಒಳಗೇ ಇದ್ದವು.

"ಅಲ್ರೀ, ನೊಣಾ ಒಳಗ ಅದಾವಲ್ಲ!"

"ಇರಲಿ ಬಿಡ್ರಿ ಸಾಹೇಬ್ರ. ಇಲ್ಲೇ ಕಟ್ಟಿಹಾಕೇನಿ. ಇನ್ನ ಊರಾಗ ತಿರುಗಿ ಮಂದಿಗೆ ರೋಗ ಹಚ್ಚಂಗಿಲ್ಲ" ಎಂದ.

ಮುದ್ರೆ

ಮುದ್ದೇಬಿಹಾಳದ ಕಿರಾಣಿ ಅಂಗಡಿಯೊಂದರ ಶೇಂಗಾ ಎಣ್ಣೆಯ ಮೇಲೆ ನನಗೆ ಸಂಶಯ ಬಂತು. ಪದ್ಧತಿಯಂತೆ ಮೂರು ಬಾಟಲಿಗೆ ತುಂಬಿ, ಕೆಂಪು ಅರಗಿನ ಮುದ್ರೆ ಒತ್ತಿ, ಒಂದನ್ನು ಪರೀಕ್ಷೆಗೆ ಕಳಿಸಿ, ಒಂದನ್ನು ಕಚೇರಿಯಲ್ಲಿಟ್ಟು, ಮತ್ತೊಂದನ್ನು ಅಂಗಡಿಯ ಸಾವಕಾರರ ಕೈಗೆ ಕೊಟ್ಟೆ. ಅವರು ಅದನ್ನು ತಕ್ಕಡಿಯ ಪಕ್ಕ ತೂಗುಹಾಕಿ, "ನೋಡ್ರಿ, ಸರ್ಕಾರಿ ಮುದ್ರಿ ಬಿದ್ದ ಎಣ್ಣಿ" ಎಂದು ಗಿರಾಕಿಗಳಿಗೆ ತೋರಿಸತೊಡಗಿದರು. ಪರೀಕ್ಷೆಯ ಫಲಿತಾಂಶವೇ ಬಂದಿರಲಿಲ್ಲ! ವ್ಯಾಪಾರ ಭರಭರಾಟೆ. ವಾರದೊಳಗೆ ಎದುರಿನ ಅಂಗಡಿಯವರು ನನ್ನನ್ನು ಹಾದಿಯಲ್ಲೇ ತಡೆದು ಕೈಮುಗಿದರು.

"ನಾವೇನು ಪಾಪ ಮಾಡೇವ್ರಿ ಸಾಹೇಬ್ರ? ನಮ್ಮ ಎಣ್ಣಿ ಮ್ಯಾಲೂ ಒಂದೀಟ ಸಂಶಯ ಪಡ್ರೆಲಾ!"

ಕುದಿಯುವ ನೀರು

ಬಾಗೇವಾಡಿಯ ಚಹಾದಂಗಡಿಯಲ್ಲಿ, ಕಪ್ಪು-ಬಶಿಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಬೇಕೆಂದು ಅರ್ಧ ತಾಸು ಭಾಷಣ ಬಿಗಿದೆ. ಮುಂದಿನ ಸಂತೆಗೆ ಹೋಗಿ ನೋಡಿದರೆ ದೊಡ್ಡ ಪಾತೇಲಿಯಲ್ಲಿ ಕಪ್ಪುಗಳು ಕುಣಿಯುತ್ತಿವೆ. ನನಗೆ ಹಿಗ್ಗೋ ಹಿಗ್ಗು. ಕೂತು ಒಂದು ಚಹಾ ಕುಡಿದೆ. ಒಳ್ಳೇ ಗಟ್ಟಿಯಾಗಿತ್ತು, ಬಾಯಿತುಂಬ ಹೊಗಳಿದೆ.

"ಎಲ್ಲಾ ನಿಮ್ಮ ಉಪಕಾರಾರಿ" ಎಂದ ಅಂಗಡಿಯವ. "ನೀರಿಗೆ ಮೈಲಿಗಟ್ಟಲೆ ಹೋಗಬೇಕು, ಕಪ್ಪು ಕುದಿಸಿದ ನೀರು ಚೆಲ್ಲಾಕ ಮನಸ್ಸು ಬರವಲ್ದು. ಅದರಾಗ ಚಹಾ ಮಾಡಾಕತ್ತೇನಿ. ಪುಡಿನೂ ಅರ್ಧಾ ಸಾಕಾಗ್ತೈತಿ!"

ಅಷ್ಟರಲ್ಲಿ ನನ್ನ ಕಪ್ಪು ಖಾಲಿಯಾಗಿತ್ತು.

ದೊಡ್ಡ ಸಾಹೇಬರು

ಕೊನೆಗೂ ದೊಡ್ಡ ಸಾಹೇಬರು ಬಂದರು. ಬಂದದ್ದು ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಗೆ. ಅಲ್ಲೊಬ್ಬ ಹಿರಿಯ ಮುಸಲ್ಮಾನರ ಚಹಾದಂಗಡಿ ಇತ್ತು, ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ನನಗೆ ಅವರ ಮೇಲೆ ಪೂರಾ ಭರವಸೆ. ನೆಲ ಸಾರಿಸಿತ್ತು, ಭಜಿ ಮುಚ್ಚಿತ್ತು, ಗ್ಲಾಸುಗಳು ಫಳಫಳ ಹೊಳೆಯುತ್ತಿದ್ದವು. ಸಾಹೇಬರು ಮೇಜನ್ನು ಬೆರಳಿನಿಂದ ಉಜ್ಜಿ ನೋಡಿದರು. ಒಂದು ಕಣ ಧೂಳಿಲ್ಲ.

"ಅಂಗಡಿ ಯಾವಾಗ್ಲೂ ಹಿಂಗ ಇರ್ತೈತೇನು?"

"ಇವರು ಬರೋ ದಿನಾ ಹಿಂಗ ಇರ್ತೈತ್ರಿ" ಎಂದರು ಚಾಚಾ, ನನಗೆ ಒಳ್ಳೆಯದಾಗಲೆಂದು.

"ಬರೋದು ನಿಮಗ ಮೊದಲ ಹ್ಯಾಂಗ ತಿಳಿತೈತಿ?"

ನಾನು ಸಾಹೇಬರ ಹಿಂದೆ ನಿಂತು ಕಣ್ಸನ್ನೆ ಮಾಡಿದೆ, ಕೈಸನ್ನೆ ಮಾಡಿದೆ. ಚಾಚಾ ನೋಡಿದರೆ ತಾನೇ!

"ಇವರೇ ಚೀಟಿ ಕಳಸ್ತಾರಲ್ರಿ, ಮುಂಜಾನಿ ಬಸ್ಸಿನ ಕಂಡಕ್ಟರ್ ಕೈಯಾಗ! 'ಮಧ್ಯಾಹ್ನ ತಪಾಸಣಿಗೆ ಬರ್ತೇನಿ, ಎರಡು ರೊಟ್ಟಿ ಹೆಚ್ಚಿಗಿ ಬಡೀರಿ' ಅಂತ. ಪಾಪ, ಈ ಊರಾಗ ಇವರಿಗೆ ಊಟಕ್ಕ ಯಾರದಾರ್ರಿ? ನಮ್ಮ ಮನ್ಯಾಗ ಉಣ್ತಾರ." ಹೀಗೆಂದವರು ಸುಮ್ಮನಿರದೆ ಡಬ್ಬಿಯಿಂದ ನನ್ನ ಕೈಬರಹದ ಚೀಟಿಗಳ ಕಟ್ಟನ್ನೇ ತೆಗೆದು ಸಾಹೇಬರ ಮುಂದೆ ಹಿಡಿದರು.

ನಾನು ಅಕ್ಕಿಕಾಳಿನ ಆಸೆ ಅಲ್ಲೇ ಬಿಟ್ಟೆ.

ಸಾಹೇಬರು ಚೀಟಿಗಳನ್ನು ಒಂದೊಂದಾಗಿ ಓದಿದರು. ಇನ್ನೊಮ್ಮೆ ಅಂಗಡಿಯನ್ನು ಕಣ್ತುಂಬ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮನ್ನ ಕಾಯಂ ಮಾಡ್ತೇನಿ. ಇನ್ನಮ್ಯಾಲೆ ನಾಕೂ ತಾಲೂಕಿನ ಎಲ್ಲಾ ಅಂಗಡಿಗೂ ದಿನಾ ಮುಂಜಾನಿ 'ಊಟಕ್ಕ ಬರ್ತೇನಿ' ಅಂತ ಚೀಟಿ ಕಳಸ್ರಿ. ಆದ್ರ ಹೋಗಬ್ಯಾಡ್ರಿ!"